ಮನೆತನದ ಹಿರಿಯ ತಾಯಿ: ಶ್ರೀ ವಾಣೀವಿಲಾಸ ಸನ್ನಿಧಾನದವರ ಸ್ಮರಣೆ

ಬೆಂಗಳೂರಿನ ದಕ್ಷಿಣ ಭಾಗದಲ್ಲಿ, ಕತ್ತರಿಗುಪ್ಪೆ ಮತ್ತು ಹೊಸಕೆರೆಹಳ್ಳಿಗಳ ನೆರೆಯಲ್ಲಿ, ಇಟ್ಟಮಡು ಎಂಬ ಊರಿದೆ. ಊರೆಂದು ವಾಡಿಕೆಯಿಂದ ಹೇಳಿದೆವೇ ಹೊರತು, ನಗರವು ಬೆಳೆಯುತ್ತ ಬಂದು ಅದನ್ನು ತನ್ನೊಳಗೆ ಸೇರಿಸಿಕೊಂಡು ಬಹುಕಾಲವಾಯಿತು. ಮಡು ಎಂದರೆ ಆಳವಾಗಿ ನೀರು ನಿಂತ ಸ್ಥಳ. ಇಂದು ಆ ಬೀದಿಗಳಲ್ಲಿ ನಡೆದು ಹೋಗುವವರಿಗೆ ಕಾಣುವುದು ಮನೆಗಳ ಸಾಲು, ಅಂಗಡಿಗಳ ಸಾಲು. ನೀರಿನ ನೆನಪನ್ನು ಹೆಸರೊಂದೇ ಹೊತ್ತು ನಿಂತಿದೆ. ಹೆಸರು ಉಳಿಯದಿದ್ದರೆ ಅಲ್ಲಿ ನೀರಿದ್ದಿತೆಂಬ ಯೋಚನೆಯೇ ಯಾರಿಗೂ ಬರುತ್ತಿರಲಿಲ್ಲ.

ಇಂತಹ ಬೀದಿಯ ಯಾವುದಾದರೊಂದು ಮನೆಯ ನಡುಮನೆಯಲ್ಲಿ ಕುಳಿತು ಗೋಡೆಯ ಕಡೆ ನೋಡಿರಿ. ಹಾರ ಹಾಕಿದ ಒಂದು ಚಿತ್ರಪಟವಿರುತ್ತದೆ. ಹಣೆಯಲ್ಲಿ ಅಗಲವಾದ ಕುಂಕುಮ, ಇಲ್ಲವೆ ಬರಿಯ ಹಣೆ. ಸೆರಗನ್ನು ಬಲಭುಜದ ಮೇಲೆ ಹೊದ್ದುಕೊಂಡ, ಚಿತ್ರ ತೆಗೆಯುವವನ ಮುಂದೆ ಸಂಕೋಚದಿಂದ ಕುಳಿತ ಒಬ್ಬ ಮುದುಕಿ. ಅವರು ಯಾರೆಂದು ಕೇಳಿದರೆ ಮನೆಯ ಮಗು, "ನಮ್ಮ ಅಜ್ಜಿ" ಎನ್ನುತ್ತದೆ. ಅಜ್ಜಿಯ ಹೆಸರೇನೆಂದರೆ ಅದನ್ನೂ ಹೇಳುತ್ತದೆ. ಅಜ್ಜಿಯ ತಾಯಿಯ ಹೆಸರೇನೆಂದು ಕೇಳಿದಾಗ ಮಗು ತಂದೆಯ ಮುಖವನ್ನು ನೋಡುತ್ತದೆ. ತಂದೆಯು ತನ್ನ ತಾಯಿಯ ಮುಖವನ್ನು ನೋಡುತ್ತಾನೆ. ಆಕೆ ಸ್ವಲ್ಪ ಹೊತ್ತು ಯೋಚಿಸಿ, "ನಾವೆಲ್ಲ ಅವರನ್ನು ಅಮ್ಮಯ್ಯ ಎಂದೇ ಕರೆಯುತ್ತಿದ್ದೆವು" ಎಂದು ಹೇಳಿ ಸುಮ್ಮನಾಗುತ್ತಾಳೆ. ಒಂದು ಮನೆತನವನ್ನು ಹೆತ್ತು ಹೊತ್ತು ಸಾಕಿದ ಹೆಂಗಸಿನ ಹೆಸರು, ಅವಳ ಮರಿಮಕ್ಕಳು ಬದುಕಿರುವಾಗಲೇ ಹೀಗೆ ಕಳೆದುಹೋಗುವುದುಂಟು.

ನಮ್ಮ ಹಿರಿಯರು ಇದಕ್ಕೊಂದು ಏರ್ಪಾಡನ್ನು ಮಾಡಿರಲಿಲ್ಲವೆಂದಲ್ಲ. ಶ್ರಾದ್ಧ ಮಾಡುವ ಮನೆಗಳಲ್ಲಿ ತಾಯಿ, ಅಜ್ಜಿ, ಮುತ್ತಜ್ಜಿ ಎಂದು ಮೂರು ತಲೆಮಾರಿನ ಹೆಸರುಗಳನ್ನು ಎತ್ತಿ ಹೇಳುವ ವಿಧಿಯುಂಟು. ಪಿತೃಪಕ್ಷದಲ್ಲಿ ಎಡೆ ಇಡುವ ಮನೆಗಳಲ್ಲಿ ಹೊಸ ಸೀರೆಯನ್ನೂ, ತೀರಿಹೋದವರಿಗೆ ಪ್ರಿಯವಾಗಿದ್ದ ತಿಂಡಿಗಳನ್ನೂ ಇಟ್ಟು ಧೂಪ ಹಾಕುತ್ತಾರೆ. ಆದರೆ ಮೂರು ತಲೆಮಾರು ದಾಟಿದ ಮೇಲೆ ಆ ಹೆಸರಿಗೆ ಅಲ್ಲಿಯೂ ಸ್ಥಳವಿಲ್ಲ. ಹೆಸರಿರುವಷ್ಟು ಕಾಲವಾದರೂ ಹೆಸರಿನ ಹಿಂದಿದ್ದ ಬಾಳು ಎಷ್ಟರಮಟ್ಟಿಗೆ ಉಳಿದಿದೆಯೆಂದು ನೋಡಿದರೆ, ಆಕೆಗೆ ಯಾವ ತಿಂಡಿ ಇಷ್ಟವೆಂಬುದು ನೆನಪಿರುತ್ತದೆ. ಆಕೆ ಏನನ್ನು ತಾಳಿಕೊಂಡು ಈ ಮನೆಯನ್ನು ನಿಲ್ಲಿಸಿದಳೆಂಬುದು ಮರೆತುಹೋಗಿರುತ್ತದೆ.

ಮನೆಯ ಹಿರಿಯ ತಾಯಿಯನ್ನು ಹೇಗೆ ನೆನೆಯಬೇಕೆಂಬ ಈ ಪ್ರಶ್ನೆಗೆ ಉತ್ತರವನ್ನು ಹುಡುಕುವವರು ಇಟ್ಟಮಡುವಿನಿಂದ ಪೇಟೆಯ ಕಡೆಗೆ ಒಮ್ಮೆ ಹೊರಟು ನೋಡಬೇಕು. ಬನಶಂಕರಿಯ ಕಡೆಯಿಂದ ಕೃಷ್ಣರಾಜೇಂದ್ರ ರಸ್ತೆಯನ್ನು ಹಿಡಿದು ಉತ್ತರಕ್ಕೆ ಬಂದರೆ ಬಸವನಗುಡಿಯ ನ್ಯಾಷನಲ್ ಕಾಲೇಜಿನ ವೃತ್ತ ಸಿಕ್ಕುತ್ತದೆ. ಅಲ್ಲಿ ಈ ರಸ್ತೆಯನ್ನು ಇನ್ನೊಂದು ರಸ್ತೆ ಅಡ್ಡವಾಗಿ ಕೂಡುತ್ತದೆ. ಅದು ವಾಣೀವಿಲಾಸ ರಸ್ತೆ. ನಿತ್ಯವೂ ಸಾವಿರಾರು ಜನರು ಆ ವೃತ್ತವನ್ನು ದಾಟುತ್ತಾರೆ. ಅಲ್ಲಿ ಕೂಡುವ ಎರಡು ರಸ್ತೆಗಳಲ್ಲಿ ಒಂದು ಮಗನ ಹೆಸರಿನದು, ಇನ್ನೊಂದು ತಾಯಿಯ ಹೆಸರಿನದು ಎಂಬುದು ಅವರಲ್ಲಿ ಎಷ್ಟು ಮಂದಿಯ ಮನಸ್ಸಿಗೆ ಬಂದಿರಬಹುದು? ಇನ್ನೂ ಮುಂದೆ ಕೋಟೆಯ ತನಕ ಹೋದರೆ, ಮಗನ ಹೆಸರಿನ ಅದೇ ರಸ್ತೆಯ ಅಂಚಿನಲ್ಲಿ ತಾಯಿಯ ಹೆಸರಿನ ಹೆರಿಗೆಯ ಆಸ್ಪತ್ರೆಯಿದೆ. ದಕ್ಷಿಣ ಬೆಂಗಳೂರಿನ ಅದೆಷ್ಟೋ ಮನೆಗಳ ಮಕ್ಕಳು ಕಣ್ಣು ತೆರೆದದ್ದು ಅಲ್ಲಿ. ಆ ಮಗ ನಾಲ್ವಡಿ ಕೃಷ್ಣರಾಜ ಒಡೆಯರು. ಆ ತಾಯಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು, ವಾಣೀವಿಲಾಸ ಸನ್ನಿಧಾನವೆಂದು ನಾಡು ಗೌರವದಿಂದ ಕರೆದವರು. ಮಹಾರಾಣಿಯವರನ್ನು ರಾಜ್ಯಭಾರದ ಇತಿಹಾಸದಲ್ಲಿ ಓದುವುದು ವಾಡಿಕೆ. ಈ ಲೇಖನದಲ್ಲಿ ಅವರನ್ನು ಒಂದು ಮನೆಯ ಹಿರಿಯ ತಾಯಿಯಾಗಿ ನೋಡುವ ಉದ್ದೇಶವಿದೆ.

ಕೆಂಪನಂಜಮ್ಮಣ್ಣಿಯವರು ಹುಟ್ಟಿದ್ದು 1866ರಲ್ಲಿ. ಮೈಸೂರಿನ ರಾಜಮನೆತನಕ್ಕೆ ಹಿಂದಿನಿಂದಲೂ ಹೆಣ್ಣು ಕೊಟ್ಟು ತಂದು ಬೆಸೆದುಕೊಂಡು ಬಂದಿದ್ದ ಕಳಲೆಯ ಮನೆತನ ಅವರದು. 1878ರಲ್ಲಿ, ಹನ್ನೆರಡರ ವಯಸ್ಸಿನಲ್ಲಿ, ಅವರನ್ನು ಚಾಮರಾಜೇಂದ್ರ ಒಡೆಯರಿಗೆ ಮದುವೆ ಮಾಡಿಕೊಟ್ಟರು. ಆಗ ಮೈಸೂರು ಸೀಮೆ ಇಂಗ್ಲಿಷರ ಕಮಿಷನರುಗಳ ಆಡಳಿತದಲ್ಲಿದ್ದಿತು. ಐವತ್ತು ವರ್ಷಗಳ ಆ ಆಡಳಿತವು ಕೊನೆಗೊಂಡು, 1881ನೆಯ ಇಸವಿ ಮಾರ್ಚಿ 25ರಂದು ರಾಜ್ಯವು ಮತ್ತೆ ಒಡೆಯರ ಕೈಸೇರಿದಾಗ ದೊರೆಗಳಿಗೆ ಹದಿನೆಂಟು, ರಾಣಿಯವರಿಗೆ ಹದಿನೈದು ವರ್ಷ. ಅದೇ ವರ್ಷ ಮೈಸೂರಿನಲ್ಲಿ ಅರಮನೆಯ ಆಶ್ರಯದಿಂದ ಹೆಣ್ಣುಮಕ್ಕಳ ಪಾಠಶಾಲೆಯೊಂದು ಆರಂಭವಾಯಿತು. ಮಹಾರಾಣಿಯವರ ಹೆಸರನ್ನು ಹೊತ್ತ ಆ ಶಾಲೆಯೇ ಕಾಲಕ್ರಮದಲ್ಲಿ ಕಾಲೇಜಾಗಿ ಬೆಳೆಯಿತು. ಹೆಣ್ಣುಮಕ್ಕಳನ್ನು ಹೊಸ್ತಿಲು ದಾಟಿಸಿ ಓದಿಗೆ ಕಳುಹಿಸುವುದು ಅಪಚಾರವೆಂದು ಭಾವಿಸುತ್ತಿದ್ದ ಮನೆಗಳು ಅಂದು ಎಷ್ಟೋ ಇದ್ದವು. ಅರಮನೆಯೇ ಮುಂದೆ ನಿಂತದ್ದರಿಂದ ಅಂತಹ ಮನೆಗಳ ಹಿರಿಯರಿಗೂ ಧೈರ್ಯ ಬಂದಿತು.

ಹದಿನಾರು ವರ್ಷಗಳ ದಾಂಪತ್ಯದಲ್ಲಿ ಆ ತಾಯಿಗೆ ಐವರು ಮಕ್ಕಳು ಉಳಿದರು: ಜಯಲಕ್ಷ್ಮಮ್ಮಣ್ಣಿ, ಕೃಷ್ಣಾಜಮ್ಮಣ್ಣಿ, ಚೆಲುವಾಜಮ್ಮಣ್ಣಿ ಎಂಬ ಮೂವರು ಹೆಣ್ಣುಮಕ್ಕಳು, 1884ರಲ್ಲಿ ಹುಟ್ಟಿದ ಕೃಷ್ಣರಾಜರು ಮತ್ತು 1888ರಲ್ಲಿ ಹುಟ್ಟಿದ ಕಂಠೀರವ ನರಸಿಂಹರಾಜರು. 1894ರಲ್ಲಿ ಮೈಸೂರು ಸರ್ಕಾರವು ಶಿಶುವಿವಾಹಗಳನ್ನು ತಡೆಯುವ ಕಾನೂನನ್ನು ತಂದು, ಎಂಟು ವರ್ಷ ತುಂಬದ ಹೆಣ್ಣುಮಗುವಿನ ಮದುವೆಯನ್ನೂ, ಐವತ್ತು ದಾಟಿದವನಿಗೆ ಹದಿನಾಲ್ಕಕ್ಕೆ ಒಳಗಿನ ಹುಡುಗಿಯನ್ನು ಕೊಡುವುದನ್ನೂ ನಿಷೇಧಿಸಿತು. ಇಂದಿನ ಕಣ್ಣಿಗೆ ಅದು ತೀರ ಸಣ್ಣ ಹೆಜ್ಜೆ; ಅಂದು ಅದಕ್ಕೂ ವಿರೋಧವಿದ್ದಿತು. ಆ ವರ್ಷದ ಕೊನೆಯಲ್ಲಿ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಗೆ ಹೋಗಿದ್ದಾಗ ಅವರಿಗೆ ಗಂಟಲಮಾರಿ ರೋಗ ತಗುಲಿತು. ಡಿಸೆಂಬರ್ 28ರಂದು, ಮೂವತ್ತೆರಡು ವರ್ಷ ತುಂಬುವ ಮೊದಲೇ, ಅವರು ಪರಸ್ಥಳದಲ್ಲಿ ತೀರಿಕೊಂಡರು.

ಮಹಾರಾಣಿಯವರಿಗೆ ಆಗ ಇಪ್ಪತ್ತೆಂಟು ವರ್ಷ. ಹಿರಿಯ ಮಗನಿಗೆ ಹತ್ತು ವರ್ಷ, ಕಿರಿಯವನಿಗೆ ಆರು. ಆ ವಯಸ್ಸಿನಲ್ಲಿ ಪತಿಯನ್ನು ಕಳೆದುಕೊಂಡ ಹೆಂಗಸಿಗೆ ಅಂದಿನ ಸಮಾಜವು ನಿಗದಿ ಮಾಡಿದ್ದ ಸ್ಥಳವು ಮನೆಯ ಹಿಂದಿನ ಕೋಣೆಯೇ ಆಗಿತ್ತು. ಶುಭಕಾರ್ಯಗಳಿಗೆ ಅವಳು ಎದುರಾಗಬಾರದು, ಲೆಕ್ಕಪತ್ರಗಳನ್ನು ಕೇಳಬಾರದು, ಮೈದುನರ ಅಥವಾ ಅಣ್ಣತಮ್ಮಂದಿರ ಕೈಕೆಳಗೆ ಬಾಳಬೇಕು. ಅರಮನೆಯೂ ಆಚಾರದ ಕಟ್ಟಿನಿಂದ ಹೊರಗಿನದಲ್ಲ. ಆದರೆ 1895ರಲ್ಲಿ ಬಾಲಕ ಕೃಷ್ಣರಾಜರಿಗೆ ಪಟ್ಟವಾದಾಗ, ಮಗನಿಗೆ ವಯಸ್ಸು ತುಂಬುವವರೆಗೆ ತಾಯಿಯೇ ರೀಜೆಂಟರಾಗಿ ರಾಜ್ಯವನ್ನು ನೋಡಿಕೊಳ್ಳತಕ್ಕದ್ದೆಂದು ತೀರ್ಮಾನವಾಯಿತು. ದಿವಾನರಾದ ಕೆ. ಶೇಷಾದ್ರಿ ಅಯ್ಯರವರೂ ಒಂದು ಆಲೋಚನಾಸಭೆಯೂ ಅವರ ನೆರವಿಗಿದ್ದರು.

ಒಡೆಯರ ಮನೆತನದಲ್ಲಿ ಹೀಗೆ ಹಿರಿಯ ತಾಯಿಯೊಬ್ಬರು ಎಳೆಯ ದೊರೆಗೆ ಆಸರೆಯಾಗಿ ನಿಂತದ್ದು ಅದೇ ಮೊದಲಲ್ಲ. 1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ಮೇಲೆ ಐದು ವರ್ಷದ ಮುಮ್ಮಡಿ ಕೃಷ್ಣರಾಜರಿಗೆ ಪಟ್ಟವಾದಾಗ, ಅಜ್ಜಿಯ ಸ್ಥಾನದಲ್ಲಿದ್ದ ಮಹಾರಾಣಿ ಲಕ್ಷ್ಮಮ್ಮಣ್ಣಿಯವರೇ ಆ ಮಗುವಿನ ಬೆನ್ನ ಹಿಂದೆ ಇದ್ದವರು. ಗಂಡಸರಿಲ್ಲದ ಹೊತ್ತಿನಲ್ಲಿ ಮನೆಯ ದೀಪವನ್ನು ಕಾಯುವವರು ಹಿರಿಯ ಹೆಂಗಸರು. ಬಡವರ ಮನೆಯಲ್ಲಿಯೂ ಇದು ಕಂಡ ಸಂಗತಿಯೇ. ಅರಮನೆಯಲ್ಲಿ ಅದು ಇತಿಹಾಸದ ಪುಸ್ತಕಗಳಿಗೆ ಸೇರಿತು, ನಮ್ಮ ಮನೆಗಳಲ್ಲಿ ಸೇರಲಿಲ್ಲ, ಅಷ್ಟೇ ಭೇದ.

ಪತಿಯ ಮರಣವಾಗಿ ಎರಡು ವರ್ಷವಾದ ಮೇಲೆ, 1897ನೆಯ ಇಸವಿ ಫೆಬ್ರವರಿಯಲ್ಲಿ, ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆ ನಡೆಯಿತು. ವರನು ಮಹಾರಾಣಿಯವರ ಒಡಹುಟ್ಟಿದ ಕಾಂತರಾಜ ಅರಸರು. ಮುಂದೆ ಮೈಸೂರಿನ ದಿವಾನರಾದವರು. ತಂದೆಯಿಲ್ಲದ ಮಗಳ ಮದುವೆಯನ್ನು ಮಾಡುವ ತಾಯಿಯ ಮನಸ್ಸು ಹೇಗಿರುತ್ತದೆಂಬುದನ್ನು ವಾಚಕರಿಗೆ ವಿವರಿಸಿ ಹೇಳಬೇಕಾದ್ದಿಲ್ಲ. ಆ ಉತ್ಸವದ ಕಾಲದಲ್ಲಿಯೇ ಬೆಂಕಿ ಬಿದ್ದು, ಬಹುಭಾಗ ಮರದಿಂದ ಕಟ್ಟಿದ್ದ ಮೈಸೂರಿನ ಹಳೆಯ ಅರಮನೆ ಉರಿದುಹೋಯಿತು. ಮದುವೆಯ ಮನೆ ಸುಡುವುದೆಂದರೆ ಅಪಶಕುನವೆಂದು ಕಂಗೆಡದವರು ಅಪರೂಪ. ಮಹಾರಾಣಿಯವರು ಮಕ್ಕಳೊಡನೆ ಜಗನ್ಮೋಹನ ಅರಮನೆಯಲ್ಲಿ ಬಿಡಾರ ಮಾಡಿದರು. ಹೊಸ ಅರಮನೆಯ ನಕ್ಷೆಯನ್ನು ತಯಾರಿಸುವ ಕೆಲಸವನ್ನು ಹೆನ್ರಿ ಇರ್ವಿನ್ ಎಂಬ ಶಿಲ್ಪಿಗೆ ಒಪ್ಪಿಸಲಾಯಿತು. ಅದೇ ವರ್ಷವೇ ಕಟ್ಟಡದ ಕೆಲಸವೂ ಆರಂಭವಾಯಿತು.

ಬೆಂಕಿ ಬಿದ್ದ ನಾಲ್ಕು ತಿಂಗಳಿಗೆ, 1897ನೆಯ ಇಸವಿ ಜೂನ್ 22ರಂದು, ಅವರು ಬೆಂಗಳೂರಿನಲ್ಲಿ ಒಂದು ಕಟ್ಟಡಕ್ಕೆ ಅಸ್ತಿಭಾರವನ್ನು ಹಾಕಿದರು. ಅದು ಕೋಟೆಯ ಬಳಿಯ ವಿಕ್ಟೋರಿಯಾ ಆಸ್ಪತ್ರೆ. 1900ನೆಯ ಇಸವಿ ಡಿಸೆಂಬರಿನಲ್ಲಿ ವೈಸರಾಯ್ ಲಾರ್ಡ್ ಕರ್ಜನ್‌ರವರಿಂದ ಆಸ್ಪತ್ರೆಯ ಪ್ರಾರಂಭೋತ್ಸವವಾಯಿತು. ಮೈಸೂರಿನ ಹೊಸ ಅರಮನೆ ಮುಗಿದದ್ದು 1912ರಲ್ಲಿ. ತಮ್ಮ ಮನೆ ಬೂದಿಯಾಗಿದ್ದಾಗ ನಾಡಿನ ರೋಗಿಗಳಿಗಾಗಿ ಒಂದು ಮನೆಗೆ ಕಲ್ಲನ್ನಿಟ್ಟರು. ತಮ್ಮ ಮನೆ ಸಿದ್ಧವಾಗುವುದಕ್ಕೆ ಹನ್ನೆರಡು ವರ್ಷ ಮುಂಚೆಯೇ ಆ ಮನೆಯ ಬಾಗಿಲು ತೆರೆಯಿತು. ಈ ಎರಡು ತಾರೀಖುಗಳನ್ನು ಜೊತೆಯಾಗಿಟ್ಟು ನೋಡಿದವರಿಗೆ ಆ ತಾಯಿಯ ಸ್ವಭಾವವನ್ನು ಬೇರೆ ಮಾತುಗಳಿಂದ ವರ್ಣಿಸಬೇಕಾಗಿಲ್ಲ. ಅಂದಿನ ಆ ಆಸ್ಪತ್ರೆಯು ಇಂದಿಗೂ ಅದೇ ಸ್ಥಳದಲ್ಲಿ ಬಡವರ ಆಸರೆಯಾಗಿದೆ.

ಮರುವರ್ಷವೇ ಇನ್ನೊಂದು ಆಪತ್ತು. 1898ನೆಯ ಇಸವಿ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಇಲಿ ಬಿದ್ದ ಮನೆಯನ್ನು ಬಿಟ್ಟು ಜನರು ಊರ ಹೊರಗಿನ ಗುಡಿಸಲುಗಳಲ್ಲಿ ಇರುತ್ತಿದ್ದರು. ಹಳೆಯ ಪೇಟೆಯ ಇಕ್ಕಟ್ಟಾದ ಓಣಿಗಳಲ್ಲಿ ಗಾಳಿ ಬೆಳಕುಗಳಿಲ್ಲದೆ ಒತ್ತೊತ್ತಾಗಿ ಬಾಳುವುದರ ಅಪಾಯ ಎಲ್ಲರಿಗೂ ತಿಳಿದುಬಂದಿತು. ಆ ದಶಕದಲ್ಲಿ ರೂಪುಗೊಂಡಿದ್ದ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳಲ್ಲಿ ಜನರು ಹೆಚ್ಚಾಗಿ ನೆಲೆಸತೊಡಗಿದ್ದು ಪ್ಲೇಗಿನ ತರುವಾಯವೇ. ಅಗಲವಾದ ಬೀದಿ, ಮನೆಯ ಸುತ್ತ ಖಾಲಿ ಜಾಗ, ಮನೆಗಳ ಹಿಂಬದಿಯಲ್ಲಿ ಕಸ ಮೈಲಿಗೆಗಳನ್ನು ಸಾಗಿಸುವುದಕ್ಕೆ ಪ್ರತ್ಯೇಕವಾದ ಓಣಿ, ಇವು ಆ ಬಡಾವಣೆಗಳ ಲಕ್ಷಣ. ಪೇಟೆಯಿಂದ ದಕ್ಷಿಣಕ್ಕೆ ಊರು ಹೆಜ್ಜೆಯಿಟ್ಟದ್ದು ಹೀಗೆ. ಆ ಹೆಜ್ಜೆಯೇ ಮುಂದುವರಿದು, ಒಂದು ಶತಮಾನದ ಒಳಗೆ ಜಯನಗರವನ್ನೂ ಬನಶಂಕರಿಯನ್ನೂ ದಾಟಿ ಇಟ್ಟಮಡುವನ್ನು ಮುಟ್ಟಿತು. ಆದಕಾರಣ ಅಲ್ಲಿನ ಮನೆಗಳಿಗೂ ಆ ಮಹಾರಾಣಿಯವರ ಕಾಲಕ್ಕೂ ಸಂಬಂಧವಿಲ್ಲವೆನ್ನಲಾಗದು.

ಇನ್ನೆರಡು ಕೆಲಸಗಳನ್ನು ಇಲ್ಲಿ ಹೇಳಬೇಕು. ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತೀ ನದಿಗೆ 1898ರಲ್ಲಿ ಕಟ್ಟಲಾರಂಭಿಸಿದ ಅಣೆಕಟ್ಟು 1907ರಲ್ಲಿ ಮುಗಿದು, ಮಹಾರಾಣಿಯವರ ಹೆಸರಿನಿಂದ ವಾಣೀವಿಲಾಸ ಸಾಗರವಾಯಿತು. ಬಯಲುಸೀಮೆಯ ಆ ಜಲಾಶಯವು 1933ರಲ್ಲಿ ಕೋಡಿ ಹರಿಯಿತು. ಮತ್ತೆ ಕೋಡಿ ಹರಿಯುವುದನ್ನು ನೋಡಲು ಆ ಸೀಮೆಯ ಜನರು ಎಂಬತ್ತೊಂಬತ್ತು ವರ್ಷ ಕಾಯಬೇಕಾಯಿತು. 2022ರಲ್ಲಿ ಅದು ತುಂಬಿ ಹರಿದಾಗ ಊರೂರುಗಳಿಂದ ಜನರು ನೋಡಬಂದರು. ಎರಡನೆಯ ಕೆಲಸ ಶಿವನಸಮುದ್ರದ್ದು. ಅಲ್ಲಿ ಕಾವೇರಿಯ ಜಲಪಾತದಿಂದ ಉತ್ಪಾದಿಸಿದ ವಿದ್ಯುಚ್ಛಕ್ತಿಯು 1902ನೆಯ ಇಸವಿ ಜೂನ್ ತಿಂಗಳ ಕೊನೆಯಲ್ಲಿ ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು; 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ದೀಪವಾಯಿತು. ಈ ಕಾರ್ಯಗಳ ಯೋಜನೆಯು ದಿವಾನರದು, ಎಂಜಿನಿಯರುಗಳದು. ಕಲ್ಲು ಹೊತ್ತ ಬೆವರು ಕೂಲಿಗಾರರದು. ಎಲ್ಲವನ್ನೂ ಒಬ್ಬರ ಹೆಸರಿಗೇ ಬರೆಯುವುದು ನ್ಯಾಯವಲ್ಲ. ಆದರೆ ಒಂದು ದೊಡ್ಡ ಸಂಸಾರದಲ್ಲಿ ದುಡಿಯುವವರು ಹಲವರಿದ್ದರೂ, "ಆಗಲಿ, ಮಾಡಿ" ಎಂದು ಹೇಳಿ ಹೊಣೆಯನ್ನು ತಲೆಯ ಮೇಲೆ ಹೊರುವ ಹಿರಿಯರೊಬ್ಬರು ಬೇಕು. ಹಾಗೆ ಹೊತ್ತವರು ಅವರು.

ಈ ಏಳು ವರ್ಷಗಳಲ್ಲಿ ಮಗನ ಶಿಕ್ಷಣವು ಕ್ರಮವಾಗಿ ನಡೆಯಿತು. ಸ್ಟುವರ್ಟ್ ಫ್ರೇಸರ್ ಎಂಬ ಅಧಿಕಾರಿಯು ಬಾಲ ದೊರೆಗಳಿಗೆ ಉಪಾಧ್ಯಾಯನಾಗಿದ್ದನು. 1902ನೆಯ ಇಸವಿ ಆಗಸ್ಟ್ 8ರಂದು, ಹದಿನೆಂಟು ತುಂಬಿದ ಕೃಷ್ಣರಾಜ ಒಡೆಯರಿಗೆ ಲಾರ್ಡ್ ಕರ್ಜನ್‌ರವರ ಸಮಕ್ಷಮದಲ್ಲಿ ಜಗನ್ಮೋಹನ ಅರಮನೆಯಲ್ಲಿ ಅಧಿಕಾರವನ್ನು ಒಪ್ಪಿಸಲಾಯಿತು. ಮಹಾರಾಣಿಯವರಿಗೆ ಆಗಿನ್ನೂ ಮೂವತ್ತಾರು ವರ್ಷ. ಅಧಿಕಾರದ ರುಚಿ ಕಂಡವರು ಅದನ್ನು ಬಿಡುವುದು ಕಷ್ಟವೆಂದು ಲೋಕವು ಹೇಳುತ್ತದೆ. ಬೀಗದ ಕೈಗೊಂಚಲನ್ನು ಸೊಂಟದಿಂದ ಬಿಚ್ಚಿ ಸೊಸೆಯ ಕೈಗೆ ಕೊಡಲಾರದೆ ಅದೆಷ್ಟು ಮನೆಗಳಲ್ಲಿ ಹಿರಿಯರು ತಾವೂ ನೊಂದು ಇತರರನ್ನೂ ನೋಯಿಸಿರುವರೋ ನಾವು ಬಲ್ಲೆವು. ಮಗನಿಗಾಗಿ ಕಾದಿಟ್ಟ ಸೊತ್ತನ್ನು ಮಗನು ಯೋಗ್ಯನಾದ ದಿನವೇ ಅವನ ಕೈಗೊಪ್ಪಿಸಿ ಹಿಂದೆ ಸರಿದು ನಿಂತದ್ದು, ಅಣೆಕಟ್ಟುಗಳಿಗಿಂತಲೂ ದೊಡ್ಡ ಕಾರ್ಯವೆಂದು ನಮಗೆ ತೋರುತ್ತದೆ.

ಆ ಬಳಿಕ ಮೂವತ್ತೆರಡು ವರ್ಷಗಳ ಕಾಲ ಅವರು ಅರಮನೆಯ ಹಿರಿಯ ತಾಯಿಯಾಗಿ ಬಾಳಿದರು. ಅದು ಸುಖದ ಮಂಚವಾಗಿರಲಿಲ್ಲ. ಮಗಳು ಕೃಷ್ಣಾಜಮ್ಮಣ್ಣಿಯವರು ಕ್ಷಯರೋಗದಿಂದ ತೀರಿಕೊಂಡರು. ಅವರ ಹೆಣ್ಣುಮಕ್ಕಳೂ ಅದೇ ರೋಗಕ್ಕೆ ತುತ್ತಾದರು. ಹೆತ್ತ ಮಗಳನ್ನೂ ಮೊಮ್ಮಕ್ಕಳನ್ನೂ ಒಬ್ಬೊಬ್ಬರಾಗಿ ಒಪ್ಪಿಸಿಕೊಟ್ಟ ಅಜ್ಜಿಯ ದುಃಖಕ್ಕೆ ಅರಮನೆ ಗುಡಿಸಲು ಎಂಬ ಭೇದವಿಲ್ಲ. ಅಂದು ಕ್ಷಯಕ್ಕೆ ಮದ್ದಿರಲಿಲ್ಲ. ಒಳ್ಳೆಯ ಗಾಳಿ, ಒಳ್ಳೆಯ ಆಹಾರ, ವಿಶ್ರಾಂತಿ ಇಷ್ಟೇ ವೈದ್ಯರು ಹೇಳಬಹುದಾಗಿದ್ದ ಉಪಾಯ. ರಾಜಮನೆತನವು ಆ ದುಃಖವನ್ನು ಗೋಡೆಯ ಮೇಲಿನ ಚಿತ್ರಪಟದಲ್ಲಿಯೇ ಕೊನೆಗಾಣಿಸಲಿಲ್ಲ. ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ಕ್ಷಯರೋಗಿಗಳ ಆರೋಗ್ಯಧಾಮವೊಂದು ಸ್ಥಾಪಿತವಾಗಿ, 1921ರಿಂದ ರೋಗಿಗಳಿಗೆ ಆಶ್ರಯವನ್ನು ಕೊಟ್ಟಿತು. ತಮ್ಮ ಮನೆಯ ಮಗಳನ್ನು ಯಾವುದು ಒಯ್ದಿತೋ ಅದು ಇನ್ನೊಬ್ಬರ ಮನೆಯ ಮಗಳನ್ನು ಒಯ್ಯದಿರಲಿ ಎಂಬ ಹಂಬಲವು ಆ ಕಟ್ಟಡದ ಕಲ್ಲುಕಲ್ಲಿನಲ್ಲಿಯೂ ಇದೆ.

1919ರಲ್ಲಿ ಕಿರಿಯ ಮಗ ನರಸಿಂಹರಾಜರಿಗೆ ಗಂಡುಮಗುವಾಯಿತು. ಕೃಷ್ಣರಾಜ ಒಡೆಯರಿಗೆ ಮಕ್ಕಳಿರಲಿಲ್ಲವಾದಕಾರಣ, ಜಯಚಾಮರಾಜರೆಂಬ ಈ ಮೊಮ್ಮಗನೇ ವಂಶದ ಆಶಾಂಕುರವಾದನು. ಮೊಮ್ಮಗನು ಹದಿನೈದನೆಯ ವಯಸ್ಸನ್ನು ಸಮೀಪಿಸುವವರೆಗೆ ನೋಡಿ, 1934ನೆಯ ಇಸವಿ ಜುಲೈ 7ರಂದು ಮಹಾರಾಣಿಯವರು ಬೆಂಗಳೂರಿನಲ್ಲಿ ದೈವಾಧೀನರಾದರು. ಆರು ವರ್ಷಗಳ ತರುವಾಯ, 1940ರಲ್ಲಿ, ಕೆಲವೇ ತಿಂಗಳುಗಳ ಅಂತರದಲ್ಲಿ ಅವರ ಇಬ್ಬರು ಗಂಡುಮಕ್ಕಳೂ ತೀರಿಕೊಂಡರು. ಆ ಸಂಕಟವನ್ನು ಮಾತ್ರ ವಿಧಿಯು ಆ ತಾಯಿಯ ಕಣ್ಣಿಗೆ ಕಾಣಿಸಲಿಲ್ಲ. ಮೊಮ್ಮಗನೇ ಮೈಸೂರಿನ ಕೊನೆಯ ಮಹಾರಾಜರಾಗಿ, 1947ರಲ್ಲಿ ಸಂಸ್ಥಾನವು ಭಾರತದಲ್ಲಿ ಸೇರುವುದನ್ನು ಕಂಡರು.

ತಾಯಿಯು ತೀರಿಕೊಂಡ ಮರುವರ್ಷ, 1935ರಲ್ಲಿ, ವಿಕ್ಟೋರಿಯಾ ಆಸ್ಪತ್ರೆಯ ಮಗ್ಗುಲಲ್ಲಿ ಹೆಂಗಸರಿಗೂ ಮಕ್ಕಳಿಗೂ ಪ್ರತ್ಯೇಕವಾದ ಆಸ್ಪತ್ರೆ ತೆರೆಯಿತು. ಅದಕ್ಕೆ ವಾಣೀವಿಲಾಸವೆಂದು ಹೆಸರಾಯಿತು. ಆ ಕಾಲದಲ್ಲಿ ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂಬ ಮಾತು ಬರಿಯ ಮಾತಾಗಿರಲಿಲ್ಲ. ಕತ್ತಲೆಯ ಕೋಣೆ, ಹಳೆಯ ಬಟ್ಟೆ, ಬಾಣಂತಿಯ ಜ್ವರ, ಇವುಗಳಿಂದ ಎಷ್ಟೋ ಮನೆಗಳು ತಾಯಿಯಿಲ್ಲದ ಮನೆಗಳಾಗುತ್ತಿದ್ದವು. ತಾಯಿಯೊಬ್ಬಳ ಹೆಸರನ್ನು ಉಳಿಸಬೇಕಾದರೆ, ಇನ್ನಷ್ಟು ತಾಯಂದಿರು ಉಳಿಯುವ ಸ್ಥಳಕ್ಕೆ ಆ ಹೆಸರನ್ನಿಡುವುದಕ್ಕಿಂತ ಉಚಿತವಾದದ್ದು ಯಾವುದು? ಇಂದಿಗೂ ಆಸ್ಪತ್ರೆಯ ಅಂಗಳದಲ್ಲಿ, ಒಳಗಿನ ಸುದ್ದಿಗಾಗಿ ಕಾಯುತ್ತ, ಬಿಸಿನೀರಿನ ಫ್ಲಾಸ್ಕನ್ನೂ ಹಳೆಯ ಮೆತ್ತನೆಯ ಸೀರೆಯ ತುಂಡುಗಳನ್ನೂ ಮಡಿಲಲ್ಲಿಟ್ಟುಕೊಂಡು ಕುಳಿತ ಅಜ್ಜಿಯರನ್ನು ಕಾಣಬಹುದು. ವಾಣೀವಿಲಾಸವೆಂದರೆ ಯಾರೆಂಬುದು ಅವರಲ್ಲಿ ಅನೇಕರಿಗೆ ತಿಳಿಯದು. ಆದರೆ ಆ ಹೆಸರನ್ನು ಅವರು ದಿನಕ್ಕೆ ಹತ್ತು ಸಲ ಉಚ್ಚರಿಸುತ್ತಾರೆ. ಮಗುವಿನ ಜನನಪತ್ರದಲ್ಲಿ ಅದನ್ನು ಮನೆಗೆ ಕೊಂಡೊಯ್ಯುತ್ತಾರೆ.

ಇಷ್ಟನ್ನು ಓದಿದ ಮೇಲೆ ಯಾರಾದರೂ ಆಕ್ಷೇಪಿಸಬಹುದು: "ಅರಮನೆಯವರಿಗೆ ಬೊಕ್ಕಸವಿದ್ದಿತು, ಆಳುಕಾಳುಗಳಿದ್ದರು, ಹೆಸರಿಡುವುದಕ್ಕೆ ರಸ್ತೆಗಳಿದ್ದವು. ನಮ್ಮ ಅಜ್ಜಿ ಒಲೆಯ ಮುಂದೆ ಹುಟ್ಟಿ ಒಲೆಯ ಮುಂದೆ ಸವೆದವಳು. ಅವಳ ಬಾಳಿನಲ್ಲಿ ಬರೆಯುವುದೇನಿದೆ?" ಎಂದು. ಈ ಆಕ್ಷೇಪಕ್ಕೆ ನಮ್ಮ ಕಾಲದ್ದೇ ಒಂದು ಸಮಾಧಾನವಿದೆ.

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದಲ್ಲಿ ಸೂಲಗಿತ್ತಿ ನರಸಮ್ಮನವರು ಬಾಳಿದರು. 1920ರಲ್ಲಿ ಹುಟ್ಟಿದ ಅವರು ಶಾಲೆಯ ಮೆಟ್ಟಿಲನ್ನು ಹತ್ತಿದವರಲ್ಲ. ಸೂಲಗಿತ್ತಿಯಾಗಿದ್ದ ತಮ್ಮ ಅಜ್ಜಿಯಿಂದಲೇ ಆ ವಿದ್ಯೆಯನ್ನು ಕಲಿತು, ತಾವೂ ಹಲವು ಮಕ್ಕಳ ತಾಯಿಯಾಗಿ, ಆಸ್ಪತ್ರೆಯ ಸೌಕರ್ಯವಿಲ್ಲದ ಹಳ್ಳಿಗಳಲ್ಲಿ ಹದಿನೈದು ಸಾವಿರಕ್ಕೂ ಮಿಕ್ಕಿ ಹೆರಿಗೆಗಳನ್ನು ಪ್ರತಿಫಲವಿಲ್ಲದೆ ಮಾಡಿಸಿದರು. 2014ರಲ್ಲಿ ತುಮಕೂರು ವಿಶ್ವವಿದ್ಯಾನಿಲಯವು ಅವರಿಗೆ ಗೌರವ ಡಾಕ್ಟರೇಟನ್ನೂ, 2018ರಲ್ಲಿ ಭಾರತ ಸರ್ಕಾರವು ಪದ್ಮಶ್ರೀಯನ್ನೂ ಕೊಟ್ಟವು. ಅದೇ ವರ್ಷದ ಡಿಸೆಂಬರ್ 25ರಂದು, ತೊಂಬತ್ತೆಂಟರ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ತೀರಿಕೊಂಡರು. ಮಹಾರಾಣಿಯವರ ಹೆಸರಿನ ಆಸ್ಪತ್ರೆಯು ನಗರದಲ್ಲಿ ಮಾಡಿದ ಕೆಲಸವನ್ನು ಈ ತಾಯಿ ಹಳ್ಳಿಗಾಡಿನಲ್ಲಿ ಬರಿಗೈಯಿಂದ ಮಾಡಿದರು. ನಮ್ಮ ನಾಡಿಗೆ ಇಂತಹ ಸೂಲಗಿತ್ತಿಯರು ಸಾವಿರಾರು ಮಂದಿ ಆಗಿಹೋಗಿದ್ದಾರೆ. ಬರೆದಿಟ್ಟುಕೊಳ್ಳುವವರು ಸಿಕ್ಕಿದ್ದು ಒಬ್ಬಿಬ್ಬರಿಗೆ ಮಾತ್ರ. ನರಸಮ್ಮನವರ ಅಜ್ಜಿಯು ಆ ವಿದ್ಯೆಯನ್ನು ಯಾರಿಂದ ಕಲಿತಳೋ, ಆಕೆಯ ಹೆಸರೇನೋ, ಯಾರು ಬಲ್ಲರು?

ಬರೆಯುವುದಕ್ಕೆ ಏನೂ ಇಲ್ಲವೆಂಬುದು ಸುಳ್ಳು. ಕೇಳುವ ವ್ಯವಧಾನ ನಮಗಿಲ್ಲವೆಂಬುದು ನಿಜ. ಬಾವಿಯಿಂದ ನೀರು ಸೇದಿದ ಕಾಲವನ್ನು ಕಂಡವರು, ರಾಗಿಯನ್ನು ಬೀಸುವ ಕಲ್ಲಿನಲ್ಲಿ ಬೀಸಿದವರು, ಪಡಿತರದ ಸಾಲಿನಲ್ಲಿ ನಿಂತು ಹತ್ತು ಜನರ ಹೊಟ್ಟೆಗೆ ಸರಿಹೊಂದಿಸಿದವರು, ಹೊಲ ಮಾರಿದ ದಿನ ಅತ್ತು ಮರುದಿನ ಎದ್ದು ಮನೆಯ ಮುಂದೆ ರಂಗವಲ್ಲಿ ಹಾಕಿದವರು ನಮ್ಮ ನಡುವೆ ಇನ್ನೂ ಇದ್ದಾರೆ. ಇಟ್ಟಮಡುವಿನಂತೆ ಹಳ್ಳಿಯಾಗಿದ್ದು ಬಡಾವಣೆಯಾದ ಎಲ್ಲ ಊರುಗಳಲ್ಲಿಯೂ ಅವರನ್ನು ಕಾಣಬಹುದು. ಯಾವ ರಸ್ತೆಯಿದ್ದ ಕಡೆ ಯಾರ ಹೊಲವಿದ್ದಿತು, ಯಾವ ಮರದ ಕೆಳಗೆ ದೇವರ ಕಲ್ಲಿದ್ದಿತು, ನೀರು ಎಲ್ಲಿ ನಿಲ್ಲುತ್ತಿದ್ದಿತು ಎಂಬುದನ್ನು ಅವರು ಕಣ್ಣಿಗೆ ಕಟ್ಟುವಂತೆ ಹೇಳಬಲ್ಲರು. ಅವರ ಬಾಯಿ ಮುಚ್ಚಿದ ದಿನ ಅದೆಲ್ಲವೂ ಅವರೊಡನೆ ಹೋಗುತ್ತದೆ.

ಆದುದರಿಂದ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಮನೆಯಲ್ಲಿ ಒಂದು ಗಟ್ಟಿ ರಟ್ಟಿನ ಪುಸ್ತಕವನ್ನು ಇಟ್ಟುಕೊಳ್ಳಿರಿ. ಮನೆಯ ಹಿರಿಯ ತಾಯಿಯು ಬದುಕಿರುವಾಗಲೇ, ಬಿಡುವಾದ ಒಂದು ಸಂಜೆ, ಅವರ ಪಕ್ಕದಲ್ಲಿ ಕುಳಿತು ಬರೆಯಲು ಆರಂಭಿಸಿರಿ. ಮೊದಲು ಹೆಸರುಗಳು: ಅವರದು, ಅವರ ತಾಯಿಯದು, ತಾಯಿಯ ತಾಯಿಯದು, ತವರೂರಿನದು. ಆಮೇಲೆ ಮದುವೆಯಾಗಿ ಈ ಮನೆಗೆ ಬಂದ ವರ್ಷ, ಹೆತ್ತ ಮಕ್ಕಳು, ಉಳಿದವರು, ಉಳಿಯದವರು. ಉಳಿಯದವರ ಹೆಸರನ್ನು ತಪ್ಪದೆ ಕೇಳಿರಿ. ತಾಯಂದಿರು ಅವರನ್ನು ಎಂದಿಗೂ ಮರೆತಿರುವುದಿಲ್ಲ, ಕೇಳುವವರು ಮಾತ್ರ ಯಾರೂ ಇರುವುದಿಲ್ಲ. ಬಳಿಕ ಅವರ ಕೈಯ ಅಡಿಗೆಯ ಅಳತೆ, ಬಾಣಂತಿಗೆ ಮಗುವಿಗೆ ಕೊಡುತ್ತಿದ್ದ ಮನೆಮದ್ದು, ಹಸೆಗೆ ಕರೆಯುವಾಗ ಹೇಳುತ್ತಿದ್ದ ಹಾಡು. ಕೊನೆಗೆ ಒಂದೇ ಪ್ರಶ್ನೆ: "ಎಲ್ಲಕ್ಕಿಂತ ಕಷ್ಟದ ಕಾಲ ಯಾವುದು, ಅದನ್ನು ಹೇಗೆ ದಾಟಿದಿರಿ?" ಆ ಪ್ರಶ್ನೆಗೆ ಅವರು ಕೂಡಲೇ ಉತ್ತರವನ್ನು ಕೊಡಲಾರರು. ಅವಸರಪಡಿಸಬೇಡಿರಿ, ಇನ್ನೊಂದು ಸಂಜೆ ಹೋಗಿ ಕುಳಿತುಕೊಳ್ಳಿರಿ.

ಪುಸ್ತಕದ ಜೊತೆಗೆ ಇನ್ನೊಂದು ಕೆಲಸವೂ ಇದೆ; ಅದನ್ನು ವಾಣೀವಿಲಾಸ ಸನ್ನಿಧಾನದವರ ಬಾಳಿನಿಂದ ನಾವು ಕಲಿಯಬೇಕು. ಹಾರವು ಸಂಜೆಗೆ ಬಾಡುತ್ತದೆ, ಎಡೆಯು ಮುಗಿಯುತ್ತದೆ. ಅವರ ಹೆಸರಿನಲ್ಲಿ ಇನ್ನೊಬ್ಬರಿಗೆ ಆದ ಉಪಕಾರವು ಉಳಿಯುತ್ತದೆ. ಅದಕ್ಕೆ ಅಣೆಕಟ್ಟೇ ಆಗಬೇಕಾಗಿಲ್ಲ. ಅಜ್ಜಿಯ ತಿಥಿಯ ದಿನ ಬಡ ಹುಡುಗಿಯೊಬ್ಬಳ ಶಾಲೆಯ ಶುಲ್ಕವನ್ನು ಕೊಟ್ಟರೂ ಆಯಿತು. ಹೆರಿಗೆಯ ಆಸ್ಪತ್ರೆಯ ಅಂಗಳದಲ್ಲಿ ಕಾದು ಕುಳಿತವರಿಗೆ ಒಂದು ಹೊತ್ತಿನ ಊಟವನ್ನು ಕೊಟ್ಟರೂ ಆಯಿತು. ಅಜ್ಜಿಯು ಯಾವುದರ ಕೊರತೆಯಿಂದ ನೊಂದಿದ್ದಳೋ ಆ ಕೊರತೆಯನ್ನು ಇನ್ನೊಂದು ಮನೆಯಲ್ಲಿ ತುಂಬಿದರೆ ಅದಕ್ಕಿಂತ ದೊಡ್ಡ ಶ್ರಾದ್ಧವಿಲ್ಲ.

ಇಟ್ಟಮಡುವಿನ ಹೆಸರಿನಲ್ಲಿ ನೀರು ಉಳಿದಂತೆ, ಹಿರಿಯ ತಾಯಿಯ ಹೆಸರಿನಲ್ಲಿ ಅವಳ ಬಾಳು ಉಳಿಯಲಿ. ಮುಂದೊಂದು ದಿನ ಆ ನಡುಮನೆಯಲ್ಲಿ ಯಾರಾದರೂ ಮಗುವನ್ನು ಕರೆದು, "ನಿನ್ನ ಅಜ್ಜಿಯ ತಾಯಿಯ ಹೆಸರೇನು?" ಎಂದು ಕೇಳಿದರೆ, ಅದು ತಂದೆಯ ಮುಖವನ್ನು ನೋಡದೆ, ಒಳಕ್ಕೆ ಓಡಿಹೋಗಿ ಆ ಪುಸ್ತಕವನ್ನು ತಂದು ತೋರಿಸುವಂತಾಗಲಿ.